ನೆಂಟರಿಲ್ಲದ ದಾರಿ

ನಮ್ಮ ಬೀದರಿನ ಚಿದ್ರಿಯ ತಿರುವಿನಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಈಗ ಅದು ಸ್ಕೂಟರ್, ಆಟೋಗಳ ಅಂಗಡಿ. ಸೈಕಲ್ ತೆಗೆದುಕೊಂಡು ಹೋದರೆ ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಮೊನ್ನೆ ಯಾರೋ ಧೈರ್ಯವಂತರು ಸೈಕಲ್ಲನ್ನೇ ತಂದು ನಿಲ್ಲಿಸಿದ್ದರು. ಅವನು ಒಲ್ಲದ ಮನಸ್ಸಿನಿಂದ ಟ್ಯೂಬು ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಿಂದ ಉಫ್ ಎಂದು ಊದಿದ. ಆ ವಾಸನೆ ರಸ್ತೆ ದಾಟಿ ಬಂದು ನನ್ನ ಮೂಗಿಗೆ ಬಡಿಯಿತು ನೋಡಿ, ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ.

"ಏನ್ ಬೇಕಾಗಿತ್ತರಿ ಕಾಕಾ?" ಎಂದ ಅಂಗಡಿಯವನು.

"ಏನಿಲ್ಲಪ್ಪ, ವಾಸನಿ ತಗೊಳ್ಳಿಕತ್ತೀನಿ," ಎಂದೆ.

ಅವನು ಸೈಕಲ್ ತಂದವರ ಮುಖ ನೋಡಿದ, ಅವರು ಅವನ ಮುಖ ನೋಡಿದರು. ಆಮೇಲೆ ಇಬ್ಬರೂ ಸೇರಿ ನನಗೊಂದು ಸ್ಟೂಲು ಎಳೆದು ಕೊಟ್ಟರು. ವಯಸ್ಸಾದ ಮೇಲೆ ಇದೊಂದು ಅನುಕೂಲ. ಏನು ಮಾತಾಡಿದರೂ ಜನ ಕೂಡಲು ಜಾಗ ಕೊಡುತ್ತಾರೆ.

ಕೂತ ಮೇಲೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ತಿರುವು ನನ್ನ ದಾರಿಯೇ ಅಲ್ಲ. ನಮ್ಮ ಮನೆಯಿಂದ ಪೇಟೆಗೆ ಸೀದಾ ಹೋದರೆ ಹಮೀದನ ಮನೆ ಬರುತ್ತದೆ. ಹಮೀದ ನನ್ನ ದೋಸ್ತ. ನನ್ನ ಹಾಲುಹಲ್ಲು ಎಲ್ಲಿ ಬಿತ್ತೆಂದು ಈಗ ಬಲ್ಲವನು ಅವನೊಬ್ಬನೇ. ಅವನಿಗೆ ಹೈದರಾಬಾದಿನಲ್ಲಿ ಎದೆಯ ಆಪರೇಷನ್ ಆಗಿ, ತಿಂಗಳ ಹಿಂದೆ ಮನೆಗೆ ಕರೆತಂದರೆಂದು ಕೇಳಿದೆ. ಹೇಗಿದ್ದಾನೆ ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರಲ್ಲ, ಅದೇ ಹೆದರಿಕೆ. ಅಂದಿನಿಂದ ನಾನು ಪೇಟೆಗೆ ಸುತ್ತಿ ಬಳಸಿ ಹೋಗುತ್ತಿದ್ದೇನೆ. ಮನೆಯಲ್ಲಿ ಕೇಳಿದರೆ ವಾಕಿಂಗ್ ಎನ್ನುತ್ತೇನೆ, ಅವರು ಮೆಚ್ಚಿಕೊಂಡಿದ್ದಾರೆ.

ಸೊಲ್ಯೂಷನ್ನಿನ ವಾಸನೆ ಅಂದರೆ ನನಗೆ ಹಮೀದನ ಅಬ್ಬಾನ ಅಂಗಡಿ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಅವರದು ಬಾಡಿಗೆ ಸೈಕಲ್ಲಿನ ಅಂಗಡಿ. ಅಲ್ಲಿದ್ದ ಸೈಕಲ್ಲುಗಳ ಪೈಕಿ ಒಂದಕ್ಕೆ ಬ್ರೇಕ್ ಇತ್ತು, ಇನ್ನೊಂದಕ್ಕೆ ಗಂಟೆ ಇತ್ತು. ಎರಡೂ ಇದ್ದ ಸೈಕಲ್ಲನ್ನು ನಾನು ಆ ಅಂಗಡಿಯಲ್ಲಿ ನೋಡಿಲ್ಲ. ಗಿರಾಕಿ ತಕರಾರು ತೆಗೆದರೆ ಅಬ್ಬಾ ಶಾಂತವಾಗಿ, "ಗಂಟಿ ಬಾರಿಸ್ರಿ, ಮಂದಿ ತಾವೇ ಸರೀತಾರ, ಬ್ರೇಕ್ ಯಾಕ ಬೇಕು?" ಎನ್ನುತ್ತಿದ್ದರು. ಬ್ರೇಕಿನ ಸೈಕಲ್ ಒಯ್ಯುವವನಿಗೆ ಏನು ಹೇಳುತ್ತಿದ್ದರೋ ನೆನಪಿಲ್ಲ, ಅದಕ್ಕೂ ಒಂದು ಉತ್ತರ ಇತ್ತು.

ಭಾರತದ ಫೌಜು ಬಂದು ನಿಜಾಮರ ರಾಜ್ಯ ಮುಗಿದದ್ದನ್ನು ನಮ್ಮಲ್ಲಿ ಪೊಲೀಸ್ ಆಕ್ಷನ್ ಎನ್ನುತ್ತಾರೆ. ಅದಾಗಿ ಒಂದು ಮಳೆಗಾಲ ಕಳೆದಿತ್ತು. ನಾನೂ ಹಮೀದನೂ ಮೀಸೆ ಬಂದಿದೆಯೋ ಇಲ್ಲವೋ ಎಂದು ದಿನಾ ಅಂಗಡಿಯ ಕನ್ನಡಿಯಲ್ಲಿ ನೋಡಿಕೊಳ್ಳುವ ವಯಸ್ಸಿನವರು. ಸಂಜೆ ಅಂಗಡಿಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಕೂತು, ಪಂಕ್ಚರ್ ಗುರುತು ಮಾಡುವ ಸೀಮೆಸುಣ್ಣದಿಂದ ನಕ್ಷೆ ಬಿಡಿಸುವುದು ನಮ್ಮ ಕೆಲಸ. ಬೆಳಿಗ್ಗೆ ಹಮೀದನ ತಾಯಿ, ನಾನು ಚಾಚಿ ಎನ್ನುತ್ತಿದ್ದೆ, ಅದನ್ನು ಗುಡಿಸಿ ಹಾಕುತ್ತಿದ್ದರು. ಸಂಜೆ ಮತ್ತೆ ಬಿಡಿಸುತ್ತಿದ್ದೆವು.

ನಕ್ಷೆ ಯಾತರದ್ದು ಅನ್ನುತ್ತೀರಾ? ಸೈಕಲ್ ಮೇಲೆ ಒಂದು ದಿನದ ಸುತ್ತು. ಬೀದರಿನಿಂದ ಹೊರಟು ಅಷ್ಟೂರಿನ ಬಹಮನಿ ಗುಮ್ಮಟಗಳು, ಅಲ್ಲಿಂದ ಭಾಲ್ಕಿಯ ಕೋಟೆ, ಮಾಂಜ್ರಾ ನದಿ ದಾಟಿ ಔರಾದ, ಅಲ್ಲಿ ಅಮರೇಶ್ವರನಿಗೆ ಕೈಮುಗಿದು, ಇನ್ನೊಮ್ಮೆ ಮಾಂಜ್ರಾ ದಾಟಿ ದೀಪ ಹಚ್ಚುವಷ್ಟರಲ್ಲಿ ಮನೆ. "ಮಾಮೂಲಿ ಚಕ್ಕರ್," ಎನ್ನುತ್ತಿದ್ದ ಹಮೀದ. ಬ್ರೇಕಿಲ್ಲದ ಸೈಕಲ್ಲಿನ ಮೇಲೆ ಆ ಕಾಲದ ಕಲ್ಲುದಾರಿಯಲ್ಲಿ ಅದು ಎಂಥ ಮಾಮೂಲಿಯೋ ನೀವೇ ಹೇಳಿ. ಆದರೆ ನೆಲದ ಮೇಲೆ ಬರೆದಾಗ ಔರಾದ ನನ್ನ ಮೊಣಕಾಲಿನ ಹತ್ತಿರವೇ ಇತ್ತು.

ಮೊದಲ ಜಗಳ ಅಷ್ಟೂರಿನ ಬಗ್ಗೆ.

"ಭಾಲ್ಕಿ ಪಶ್ಚಿಮಕ್ಕ ಅದ ಲೇ. ಅಷ್ಟೂರ ಪೂರ್ವಕ್ಕ," ಎಂದೆ ನಾನು.

"ಅದಕ್ಕೇ ಅಲ್ಲಿಂದ ಶುರು ಮಾಡಬೇಕು. ಇಳಕಲ ಅದ, ಸೈಕಲ್ ತಾನೇ ಓಡ್ತದ."

"ವಾಪಸ್ ಏರಬೇಕಲ್ಲ?"

"ಅದು ಆಮ್ಯಾಲಿನ ಮಾತು," ಎಂದ. ಹಮೀದನ ಇಡೀ ಬದುಕು ಇದೇ ತತ್ವದ ಮೇಲೆ ನಡೆದಿದೆ.

ಎರಡನೆಯ ತೊಂದರೆ ನಿಜವಾದ ತೊಂದರೆ. ನಮ್ಮ ಸೀಮೆಯಲ್ಲಿ ದಾರಿಯನ್ನು ಮೈಲಿಯಿಂದ ಅಳೆಯಬಾರದು, ನೆಂಟರಿಂದ ಅಳೆಯಬೇಕು. ಒಂದು ಊರಿನಲ್ಲಿ ಒಬ್ಬ ನೆಂಟರಿದ್ದರೆ ಅರ್ಧ ದಿನ ಹೋಯಿತು. ಮೊದಲು ನೀರು, ಆಮೇಲೆ ಚಾ, ಚಾ ಕುಡಿಯುವಾಗಲೇ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. "ಬ್ಯಾಡ್ರಿ ಅತ್ತಿ," ಎಂದರೆ, "ಬ್ಯಾಡ ಅನ್ನಲಿಕ್ಕ ನಾವೇನು ಹೊರಗಿನವರೇನು?" ಎನ್ನುತ್ತಾರೆ. ನಿಲ್ಲದೆ ಹೋದಿರೋ, ಮುಗಿಯಿತು. 'ಕಂಡೂ ಕಾಣಲಾರದಂಗ ಹೋದ' ಎಂಬ ಮಾತು ಮದುವೆಯಿಂದ ಮದುವೆಗೆ ದಾಟಿ, ನಿಮ್ಮ ಮಕ್ಕಳ ಲಗ್ನದಲ್ಲೂ ಊಟದ ಪಂಕ್ತಿಯಲ್ಲಿ ಕೇಳಬೇಕಾಗುತ್ತದೆ. ನಮ್ಮ ಬಳಗ ಭಾಲ್ಕಿಯ ರಸ್ತೆಗುಂಟ ಬಿತ್ತಿದ ಹಾಗೆ ಹರಡಿತ್ತು. ಅವರು ಬಿಟ್ಟ ಊರುಗಳಲ್ಲಿ ಹಮೀದನ ಫುಪ್ಪುಗಳು, ಮಾಮುಗಳು, ಅಂದರೆ ಅತ್ತೆ ಮಾವಂದಿರು. ಎಲ್ಲರನ್ನೂ ತಪ್ಪಿಸಿ ಗೆರೆ ಎಳೆದರೆ ನಕ್ಷೆಯ ದಾರಿ ಅಲ್ಲಿ ಸೊಟ್ಟ, ಇಲ್ಲಿ ಸೊಟ್ಟ ಆಗಿ, ಒಂದು ಸಲವಂತೂ ಅಂಗಡಿಯ ಹೊಸ್ತಿಲು ದಾಟಿ ಚರಂಡಿಗೆ ಹೋಯಿತು.

ಅದಕ್ಕೆ ನಾವು ಇನ್ನೊಂದು ತಯಾರಿ ಮಾಡಿಕೊಂಡೆವು. ಯಾರು ಕರೆದರೂ 'ಊಟಾ ಆಗ್ಯಾದ್ರಿ' ಎನ್ನುವುದು. ಕೇಳಲು ಸುಲಭ, ಹೇಳಿ ನೋಡಿ. ಹಮೀದ ಸೋದರತ್ತೆಯ ಪಾರ್ಟು ಮಾಡಿ, ತಲೆಯ ಮೇಲೆ ಒರೆಸುವ ಅರಿವೆ ಹಾಕಿಕೊಂಡು, "ಉಣಲಾರದ ಹೋಗ್ತೀ ಏನೋ ನಮ್ಮಪ್ಪಾ," ಎಂದು ಗದ್ದ ಹಿಡಿದರೆ ನಾನು ಪ್ರತಿ ಸಲವೂ ಸೋತು ಕೂತುಬಿಡುತ್ತಿದ್ದೆ. ಅವನು ಮಾತ್ರ ಪಕ್ಕಾ. ಹೊಟ್ಟೆ ಸವರಿಕೊಂಡು, ಒಂದು ದೊಡ್ಡ ಡೇಗು ತೇಗಿ, "ಊಟಾ ಆಗ್ಯಾದ್ರಿ, ಈಗೇ ಕೈ ತೊಳಕೊಂಡೀವಿ," ಎನ್ನುತ್ತಿದ್ದ. ಅವನ ಕೈ ನೋಡಿದರೆ ಗ್ರೀಸು.

ಇಷ್ಟೆಲ್ಲ ನಗೆಯ ನಡುವೆ ಒಂದು ಊರಿತ್ತು. ಭಾಲ್ಕಿ ದಾಟಿ, ನದಿಯ ಆಚೆ, ಔರಾದಿನ ಈ ಕಡೆ. ಅದರ ಹೆಸರು ಹೇಳುವುದಿಲ್ಲ; ಅಲ್ಲಿಯೂ ನನ್ನ ನೆಂಟರಿದ್ದಾರೆ, ಅವತ್ತು ಅವರನ್ನು ಕಾಣದೆ ಬಂದೆನೆಂದು ಈಗ ತಿಳಿದರೆ ಕಷ್ಟ. ಆ ಊರಿನಲ್ಲಿ ಹಮೀದನ ಖಾಲಾ ಇದ್ದಳು, ಚಾಚಿಯ ಅಕ್ಕ. ಗಂಡ ತೀರಿದ ಮೇಲೆ ಊರವರಿಗೆ ಹಳೆಯ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿದುಕೊಟ್ಟು ಒಬ್ಬಳೇ ಇದ್ದಳು. ಪೊಲೀಸ್ ಆಕ್ಷನ್ನಿನ ಗದ್ದಲ ಆದಂದಿನಿಂದ ಅವಳ ಸುದ್ದಿ ಇಲ್ಲ. ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಆ ಕಡೆಯ ಊರುಗಳ ಬಗ್ಗೆ ಬಂದ ಮಾತುಗಳು ಒಳ್ಳೆಯವಲ್ಲ. ಅದಕ್ಕೂ ಹಿಂದೆ, ನಿಜಾಮರ ಪರ ಲೂಟಿಗಿಳಿದಿದ್ದ ರಜಾಕಾರರ ಕಾಲದಲ್ಲಿ, ನಾವು ಮನೆಯವರೆಲ್ಲ ಕೀಲಿ ಜಡಿದು ಸೋಲಾಪುರದ ಕಡೆ ಹೋಗಿ ತಿಂಗಳುಗಟ್ಟಲೆ ಕೂತಿದ್ದೆವು. ಆಗ ದಿನಾ ಬಂದು ನಮ್ಮ ಕೀಲಿ ಜಗ್ಗಿ ನೋಡಿ ಹೋಗುತ್ತಿದ್ದವರು ಹಮೀದನ ಅಬ್ಬಾ. ಪೊಲೀಸ್ ಆಕ್ಷನ್ ಆದ ಮೇಲೆ ಅಂಜುವ ಪಾಳಿ ಅವರದಾಯಿತು.

ನಾವು ನಕ್ಷೆ ಬಿಡಿಸುವಾಗ ಚಾಚಿ ಚಾ ತಂದಿಟ್ಟು, ಅಲ್ಲೇ ನಿಂತು, "ನದಿ ಆ ಕಡಿ ರಸ್ತಾ ಹ್ಯಾಂಗ ಅದ ಬೇಟಾ?" ಎಂದು ಕೇಳುತ್ತಿದ್ದರು. ಅಷ್ಟೇ. ಖಾಲಾನ ಹೆಸರು ಎತ್ತುತ್ತಿರಲಿಲ್ಲ. ಹಮೀದ ನಕ್ಷೆಯ ಆ ಮೂಲೆಯನ್ನು ಅಂಗಾಲಿನಿಂದ ಉಜ್ಜಿ, "ಖಾಲಾನ ಊರು ನಕ್ಕೋ ಅಮ್ಮಿ. ಹೋದ್ರ ಚಕ್ಕರ್ ಮುಗೀತು, ತಿನಿಸಿ ತಿನಿಸಿ ನಾಕ ದಿವಸ ಬಿಡಂಗಿಲ್ಲ ಆಕಿ," ಎಂದು ನಗಿಸುತ್ತಿದ್ದ. ಚಾಚಿ ನಕ್ಕು ಒಳಗೆ ಹೋಗುತ್ತಿದ್ದರು.

ಒಂದು ಸಂಜೆ ಅವರು ಹೋದ ಮೇಲೆ ನಾನು ಸುಮ್ಮನೆ ಅವನ ಮುಖ ನೋಡಿದೆ.

"ಏನ್ ನೋಡ್ತಿ?" ಎಂದ. "ಹೋಗಿ ನೋಡಿದ್ರ ಗೊತ್ತಾಗಿಬಿಡ್ತದ. ಗೊತ್ತಾದ ಮ್ಯಾಲ ಅಮ್ಮಿಗಿ ನಾನೇ ಹೇಳಬೇಕು. ಈಗ ಹ್ಯಾಂಗೂ ಆಕಿ ಜಿಂದಾ ಇದ್ದಾಳ, ನಮ್ಮ ಲೆಕ್ಕದಾಗ."

ನಾನು ಸೀಮೆಸುಣ್ಣ ಎತ್ತಿ, ಅವನು ಉಜ್ಜಿದ್ದ ಮೂಲೆ ಬಿಟ್ಟು ಉಳಿದ ಗೆರೆ ತಿದ್ದಿದೆ. ಆ ವಯಸ್ಸಿನಲ್ಲಿ ಇಂಥದಕ್ಕೆಲ್ಲ ಹೇಳುವ ಮಾತು ಗೊತ್ತಿರುವುದಿಲ್ಲ, ಈ ವಯಸ್ಸಿನಲ್ಲೂ ಗೊತ್ತಿಲ್ಲ.

ಅಂತೂ ದಿನ ಗೊತ್ತು ಮಾಡಿದ್ದು ನಾನು. ಅದು ನನ್ನ ಬುದ್ಧಿಯ ಶಿಖರ, ಸ್ವಲ್ಪ ವಿವರಿಸಿ ಹೇಳುತ್ತೇನೆ. ಚಳಿಗಾಲದಲ್ಲಿ ನಮ್ಮಲ್ಲಿ ಎಳ್ಳಮಾಸಿ ಬರುತ್ತದೆ. ಅವತ್ತು ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜೆ ಮಾಡಿ, ಎಡೆಯ ಅನ್ನವನ್ನು ಬೆಳೆಯ ಮೇಲೆ ಚರಗ ಚೆಲ್ಲಿ ಊಟ. ಮನೆಯಲ್ಲಿ ಬೆಕ್ಕು ಕೂಡ ಇರುವುದಿಲ್ಲ.

"ಎಳ್ಳಮಾಸಿ ದಿವಸ ಹೋಗೂಣು," ಎಂದೆ. "ಎಲ್ಲಾ ಊರು ಖಾಲಿ. ಅತ್ತಿ ಇಲ್ಲ, ಮಾವ ಇಲ್ಲ, ಚಾ ಇಲ್ಲ. ಊರ ನಡಬರ್ಕಿನಿಂದ ಗಂಟಿ ಬಾರಿಸಿಕೋತ ಹೋಗಬಹುದು."

ಹಮೀದ ಸೀಮೆಸುಣ್ಣ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದ. "ನೀ ವಕೀಲ ಆಗಬೇಕಾಗಿತ್ತು," ಎಂದ.

ನೀವು ಈ ಸೀಮೆಯವರಾಗಿದ್ದರೆ ಈಗಾಗಲೇ ನಗುತ್ತಿದ್ದೀರಿ. ಇಲ್ಲದಿದ್ದರೆ ಸ್ವಲ್ಪ ತಡೆಯಿರಿ.

ನನ್ನ ಅವ್ವನಿಗೆ ಅಷ್ಟೊಂದು ಮೆಚ್ಚಿಗೆಯಾಗಲಿಲ್ಲ. "ಎಳ್ಳಮಾಸಿ ದಿವಸ ಹೊಲಕ್ಕ ಹೋಗೋದು ಬಿಟ್ಟು ಸೈಕಲ್ ಮ್ಯಾಲ ಎಲ್ಲಿ ಉರುಳ್ಯಾಡಲಿಕ್ಕ ಹೊಂಟೀರಿ?" ಎಂದಳು. ಇತಿಹಾಸ ನೋಡಲು ಎಂದೆ. "ಇತಿಹಾಸ ಎಲ್ಲಿ ಓಡಿ ಹೋಗ್ತದ? ನಾಳಿಗಿ ನೋಡ್ರಿ," ಎಂದಳು. ಆದರೂ ಬುತ್ತಿ ಕಟ್ಟಿಕೊಟ್ಟಳು. ಹಮೀದ ನನ್ನನ್ನು ಗಂಟೆಯ ಸೈಕಲ್ ಮೇಲೆ ಹತ್ತಿಸಿ, ತಾನು ಬ್ರೇಕಿನದು ತೆಗೆದುಕೊಂಡ. ಅವನ ತತ್ವಗಳಲ್ಲಿ ಇದೂ ಒಂದು.

ಬೆಳಗಿನ ಮಂಜಿನಲ್ಲಿ ಅಷ್ಟೂರಿನ ಇಳಿಜಾರು ಇಳಿದೆವು. ಇಳಿದೆವು ಅನ್ನುವುದಕ್ಕಿಂತ ಬಿದ್ದೆವು ಅನ್ನುವುದು ಸರಿ. ನಾನು ಗಂಟೆ ಬಾರಿಸುತ್ತ, ಮಧ್ಯೆ ಮಧ್ಯೆ ಅವ್ವನನ್ನು ಕರೆಯುತ್ತ ಹೋದೆ. ಸಿಡಿಲು ಹೊಡೆದು ಅರ್ಧಕ್ಕೆ ಸೀಳಿದ ಗುಮ್ಮಟದ ಹತ್ತಿರ ಒಂದು ಜಾಲಿಕಂಟಿ ನನ್ನನ್ನು ನಿಲ್ಲಿಸಿತು. ಹಮೀದ ಅಲ್ಲಿಯೇ ಬಿದ್ದು ಬಿದ್ದು ನಕ್ಕ. ಆಮೇಲೆ ಇಬ್ಬರೂ ದೊಡ್ಡ ಗುಮ್ಮಟಕ್ಕೆ ಹೋಗಿ ನಿಂತೆವು; ಅಲ್ಲಿಯ ಸುಲ್ತಾನ ಸಂತನೆಂದು ಹಮೀದನವರೂ ನಡೆದುಕೊಳ್ಳುತ್ತಾರೆ, ನಾವೂ ನಡೆದುಕೊಳ್ಳುತ್ತೇವೆ. ಅವನು ಏನು ಬೇಡಿಕೊಂಡ ಎಂದು ನಾನು ಕೇಳಲಿಲ್ಲ, ನಾನಂತೂ ಬ್ರೇಕು ಬೇಡಿಕೊಂಡೆ.

ವಾಪಸು ಏರಿ, ಬೀದರ ದಾಟಿ, ಭಾಲ್ಕಿಯ ದಾರಿ ಹಿಡಿದಾಗ ನನ್ನ ಉಪಾಯ ಫಲಿಸಿತು. ಮೊದಲ ಊರು ಖಾಲಿ. ಎರಡನೆಯ ಊರಲ್ಲಿ ಒಂದು ನಾಯಿ, ಅದೂ ಹೊಲದ ಕಡೆಯೇ ಹೊರಟಿತ್ತು. ನಮ್ಮ ಸೋದರತ್ತೆಯ ಮನೆಯ ಮುಂದೆ ನಾನು ಸೈಕಲ್ಲಿನಿಂದಲೇ ಬಾಗಿ, "ಊಟಾ ಆಗ್ಯಾದ್ರಿ ಅತ್ತಿ," ಎಂದು ಮುಚ್ಚಿದ ಬಾಗಿಲಿಗೆ ಕೂಗಿದೆ. ಎಷ್ಟು ಖುಷಿ ಅಂತೀರಿ. ಹಮೀದ ಎರಡೂ ಕೈ ಬಿಟ್ಟು ಸೈಕಲ್ ಹೊಡೆದ. ಇಡೀ ತಾಲ್ಲೂಕು ನಮ್ಮಪ್ಪನದೇ ಅನ್ನಿಸಿತು.

ಮಂಜು ಹರಿಯಿತು. ಆಗ ಕಂಡಿತು ನೋಡಿ, ನಾವು ಮರೆತದ್ದು. ಜನ ಹೊಲಕ್ಕೆ ಹೋಗಿದ್ದರು, ಸರಿ. ಹೊಲಗಳು ಎಲ್ಲಿದ್ದವು? ರಸ್ತೆಯ ಎರಡೂ ಬದಿಗೆ.

ನಮ್ಮದು ಕರಿಮಣ್ಣಿನ ಬಟ್ಟಬಯಲು. ಅಡಗಲು ಒಂದು ಗುಡ್ಡವಿಲ್ಲ. ಕಣ್ಣು ಹಾಯುವವರೆಗೆ ಗಾಡಿ, ದಂಟಿನ ಗುಡಿಸಲು, ಹೊಗೆ, ಮತ್ತು ಪ್ರತಿ ಗುಡಿಸಲಿನ ಮುಂದೆ ರಸ್ತೆಯ ಕಡೆ ಮುಖ ಮಾಡಿ ನಿಂತು, ಉಣಿಸಲು ಯಾರಾದರೂ ಸಿಗಲಿ ಎಂದು ಕಾಯುತ್ತಿರುವ ಒಬ್ಬರು. ಎಳ್ಳಮಾಸಿಯ ದಿನ ದಾರಿಹೋಕರನ್ನು ಉಣಿಸದೆ ಬಿಟ್ಟರೆ ಹೊಲಕ್ಕೆ ಸಮಾಧಾನವಿಲ್ಲ.

"ಏ ಸೈಕಲ್‌ನವ್ರ, ಬರ್ರಿ ಇಲ್ಲಿ."

"ಊಟಾ ಆಗ್ಯಾದ್ರಿ," ಎಂದ ಹಮೀದ. ಡೇಗೂ ತೇಗಿದ.

"ಎಳ್ಳಮಾಸಿ ದಿವಸ ಹೊಲದಾಗ ಉಣಲಾರದ ಮತ್ತೆಲ್ಲಿ ಉಂಡೀರಿ?"

ಇಷ್ಟು ತಿಂಗಳ ತಾಲೀಮಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವು ಸೈಕಲ್ ಮಲಗಿಸಿ ಕೂತೆವು. ಸಜ್ಜೆ ರೊಟ್ಟಿ, ಹೊಲದ ಎಲ್ಲ ಕಾಳು ಕಾಯಿ ಸೊಪ್ಪು ಸೇರಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯಿಂದ ಬಗ್ಗಿಸಿದ ಅಂಬಲಿ. ಎದ್ದು ನಾಲ್ಕು ಪೆಡಲ್ ತುಳಿಯುವಷ್ಟರಲ್ಲಿ ಮುಂದಿನ ಹೊಲ. ಅದು ದಾಟಿದರೆ, ದೂರದಿಂದ ಒಂದು ದನಿ, "ಏ, ಅಂವ ನಮ್ಮ ಅಣ್ಣನ ಮಗ ಅಲ್ಲೇನು? ಆ ತೆಲಿ ನೋಡ್ರಿ, ಅಂವನೇ." ಸೋದರತ್ತೆ. ಇಡೀ ಜಿಲ್ಲೆಯಲ್ಲಿ ನನ್ನ ತಲೆಯ ಆಕಾರದವರು ಇನ್ನೊಬ್ಬರಿಲ್ಲವೆಂದು ನನಗೆ ಅವತ್ತೇ ತಿಳಿದದ್ದು. ಅಲ್ಲಿ ಉಂಡೆವು. ಅತ್ತೆಯ ಬೀಗರ ಹೊಲ ಪಕ್ಕದಲ್ಲೇ, ಅಲ್ಲಿ ಉಣ್ಣದಿದ್ದರೆ ಅತ್ತೆಯ ಮಾನ ಹೋಗುತ್ತದೆ, ಅಲ್ಲಿಯೂ ಉಂಡೆವು. ಆಮೇಲೆ ಹಮೀದನ ಮಾಮು ಒಬ್ಬ ತನ್ನ ಗೌಡರ ಹೊಲದಿಂದ ಎದ್ದು ಬಂದು ನಮ್ಮ ಹ್ಯಾಂಡಲ್ಲನ್ನೇ ಹಿಡಿದ.

ಭಾಲ್ಕಿ ಮುಟ್ಟಿದಾಗ ಹೊತ್ತು ಬಹಳ ಏರಿತ್ತು. ಕೋಟೆಯ ಗೋಡೆಯ ನೆರಳಿನಲ್ಲಿ ಅಂಗಾತ ಬಿದ್ದುಕೊಂಡೆವು. ಏಳಲು ಆಗುತ್ತಿರಲಿಲ್ಲ.

"ಕೋಟಿ ನೋಡಿದ್ವಿ ಅನ್ನು," ಎಂದ ಹಮೀದ ಕಣ್ಣು ಮುಚ್ಚಿಕೊಂಡು.

"ನೋಡಿದ್ವಿ," ಎಂದೆ ನಾನು, ಕಣ್ಣು ಮುಚ್ಚಿಕೊಂಡು. ನಮ್ಮ ಇತಿಹಾಸದ ಅಧ್ಯಯನ ಅಲ್ಲಿಗೆ ಮುಗಿಯಿತು.

ಭಾಲ್ಕಿ ದಾಟಿ ನದಿಯ ಕಡೆ ಹೋಗುವಾಗ ದಾರಿ ಎರಡಾಗುತ್ತದೆ. ಬಲಕ್ಕೆ ನಾವು ನಕ್ಷೆಯಲ್ಲಿ ಬರೆದುಕೊಂಡದ್ದು. ಎಡಕ್ಕೆ ಖಾಲಾನ ಊರಿನ ದಾರಿ. ಕವಲಿನಲ್ಲಿ ಇಳಿದು ನೋಡಿದರೆ ಬಲಗಡೆಯ ಹೊಲದಲ್ಲಿ ನಮ್ಮ ಅವ್ವನ ತವರಿನ ಗಾಡಿಗಳು ಸಾಲಾಗಿ ನಿಂತಿವೆ. ಸೋದರಮಾವಂದಿರೆಲ್ಲ ಟವೆಲ್ ಬೀಸಿ ಕರೆಯುತ್ತಿದ್ದಾರೆ. ಎಡಗಡೆ ಯಾರೂ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು, ಇನ್ನೊಂದು ಹೋಳಿಗೆ ತಿಂದರೆ ಸತ್ತೇ ಹೋಗುತ್ತೇನೆ ಎನ್ನಿಸಿತ್ತು.

ಹಮೀದ ಎರಡೂ ಕಡೆ ನೋಡಿದ. "ಆ ಕಡಿ ಹೋದ್ರ ಉಣಬೇಕು," ಎಂದ. "ಈ ಕಡಿ..." ಎಂದು ಸೈಕಲ್ಲಿನ ಸೀಟು ಒರೆಸತೊಡಗಿದ.

"ಈ ಕಡಿನೇ ಹೋಗೂಣು," ಎಂದೆ.

"ಹೊಟ್ಟಿ ತುಂಬ್ಯಾದ ಅಂತ ಹೊಂಟೀವಿ. ಮತ್ಯಾವುದಕ್ಕೂ ಅಲ್ಲ."

"ಹೌದು, ಹೊಟ್ಟಿ ತುಂಬ್ಯಾದ ಅಂತೇ."

ಮಾಂಜ್ರಾದಲ್ಲಿ ಮೊಣಕಾಲುದ್ದ ನೀರು. ಸೈಕಲ್ ಹೆಗಲ ಮೇಲೆ ಹೊತ್ತು ದಾಟಿದೆವು. ಬೆಳಿಗ್ಗೆಯಿಂದ ಬಾಯಿ ಮುಚ್ಚದಿದ್ದ ಹಮೀದ ಸುಮ್ಮನಾದದ್ದು ನನಗೆ ಹೋಳಿಗೆಗಿಂತ ಭಾರವಾಯಿತು.

ಊರು ಬಂತು. ಅದೂ ಖಾಲಿ. ಬೆಳಿಗ್ಗೆ ಖಾಲಿ ಊರುಗಳನ್ನು ಕಂಡು ಕುಣಿದಿದ್ದೆವಲ್ಲ, ಈ ಖಾಲಿ ಊರಿನಲ್ಲಿ ನನ್ನ ಕೈ ತಾನಾಗಿಯೇ ಗಂಟೆಯ ಮೇಲಿಂದ ಸರಿಯಿತು. ಖಾಲಾನ ಓಣಿಯ ಮೊದಲ ಮನೆಗೆ ಬಾಗಿಲಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ, ಚೌಕಟ್ಟು ಸುಟ್ಟು ಕರ್ರಗಾಗಿ, ಒಳಗೆ ಹುಲ್ಲು ಬೆಳೆದಿತ್ತು. ಮೂರನೆಯದು ಖಾಲಾನದು. ಅದಕ್ಕೆ ಬಾಗಿಲಿತ್ತು, ಬಾಗಿಲಿಗೆ ಕೀಲಿ ಹಾಕಿತ್ತು.

ಹಮೀದ ಕಟ್ಟೆಯ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಡಿ, ಹೋಗೂಣು," ಎಂದ. "ನೋಡಿದ್ದಾತು."

"ಏನ್ ನೋಡಿದ್ದಾತು? ಕೀಲಿ ನೋಡು."

"ನೋಡೀನಿ."

"ಸತ್ತವರು ಕೀಲಿ ಹಾಕ್ಕೊಂಡು ಹೋಗಂಗಿಲ್ಲ ಲೇ," ಎಂದೆ. ಹೇಗೆ ಬಂತೋ ಆ ಮಾತು, ಬಂದುಬಿಟ್ಟಿತು. "ನಾವೂ ಕೀಲಿ ಹಾಕ್ಕೊಂಡೇ ಹೋಗಿದ್ವಿ. ವಾಪಸ್ ಬರಲಿಲ್ಲೇನು? ಬರ್ತೀನಿ ಅನ್ನೋರೇ ಕೀಲಿ ಹಾಕ್ತಾರ."

ಅವನು ಕೈ ತೆಗೆದು ಕೀಲಿಯ ಕಡೆ ನೋಡಿದ. "ಬ್ಯಾರೆ ಯಾರರೆ ಮನಿ ಹಿಡಿದು ಹಾಕಿದ್ರ?" ಎಂದ.

ನಾನು ಅವನ ರಟ್ಟೆ ಹಿಡಿದು ಜಗ್ಗಿದೆ. ಎದ್ದು ಸೈಕಲ್ ತಳ್ಳಿಕೊಂಡು ಹೊಲದ ಕಡೆ ನಡೆದೆವು.

ಊರ ಹೊರಗೆ ಒಂದು ಜಾಲಿಮರ, ಕೆಳಗೆ ಹೊಗೆ, ಹತ್ತಾರು ಜನ ಊಟಕ್ಕೆ ಕೂತಿದ್ದರು. ಅವರ ಕೆಳಗೆ ಒಂದು ದೊಡ್ಡ ಕೌದಿ ಹಾಸಿತ್ತು. ಹಮೀದ ದೂರದಲ್ಲೇ ನಿಂತ. "ಆ ನೀಲಿ ಪಟ್ಟಿ," ಎಂದ. "ಅದು ನನ್ನ ಅಂಗಿ. ಸಾಲಿಗಿ ಹಾಕ್ಕೊಂಡು ಹೋಗ್ತಿದ್ದೆ." ಅವನ ಹಳೆಯ ಅಂಗಿಯ ತುಂಡು ಕೌದಿಯ ನಡುವೆ ಕೂತಿತ್ತು, ಅದರ ಮೇಲೆ ಯಾರೋ ರೊಟ್ಟಿಯ ಬುಟ್ಟಿ ಇಟ್ಟಿದ್ದರು. ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಒಬ್ಬ ಹೆಂಗಸು ರೊಟ್ಟಿ ತಟ್ಟುತ್ತಿದ್ದಳು.

"ಖಾಲಾ," ಎಂದ ಹಮೀದ. ದನಿ ಹೊರಗೆ ಬರಲೇ ಇಲ್ಲ. ನಾನು ಗಂಟೆ ಬಾರಿಸಿದೆ.

ಅವಳು ತಿರುಗಿ ನೋಡಿದಳು. ಕೈಯಲ್ಲಿನ ರೊಟ್ಟಿ ಹೆಂಚಿನ ಮೇಲೆ ಹಾಕಿದಳು, ಕೈ ಝಾಡಿಸಿಕೊಂಡಳು, ಆಮೇಲೆ ಎದ್ದಳು. "ಕ್ಯಾ ರೇ," ಎಂದಳು, "ಈ ದಾರಿ ಈಗ ನೆಪ್ಪಾತೇನು?" ಅಷ್ಟು ಹೇಳಿ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನ ಕೂದಲೆಲ್ಲ ಹಿಟ್ಟಾಯಿತು. ಬಹಳ ಹೊತ್ತು ಬಿಡಲಿಲ್ಲ. ಬಿಟ್ಟ ಮೇಲೆ ಕೇಳಿದ ಮೊದಲ ಮಾತು, "ಊಟಾ ಆಗ್ಯಾದ?"

ತಿಂಗಳುಗಟ್ಟಲೆ ತಾಲೀಮು ಮಾಡಿದ ಹಮೀದ, ಡೇಗಿನ ಉಸ್ತಾದ, ಗಂಟಲವರೆಗೆ ಭಜ್ಜಿ ತುಂಬಿಕೊಂಡ ಹಮೀದ, ಮೂಗು ಒರೆಸಿಕೊಂಡು, "ಇಲ್ಲ ಖಾಲಾ. ಮುಂಜಾನಿಂದ ಏನೂ ತಿಂದಿಲ್ಲ," ಎಂದ.

ತಿಂದ ಕೂಡ. ನಾನೂ ತಿಂದೆ. ಹೇಗೆ ಬದುಕಿ ಉಳಿದೆನೋ, ಇವತ್ತಿಗೂ ಗೊತ್ತಿಲ್ಲ.

ಖಾಲಾನನ್ನು ಉಳಿಸಿದವಳು ಪಕ್ಕದ ಮನೆಯ ಶಾಂತವ್ವ. ಅದು ಅವಳದೇ ಹೊಲ. ಗದ್ದಲದ ದಿನಗಳಲ್ಲಿ ತಮ್ಮ ಅಂಗಳದ ಖಾಲಿ ಹಗೇವಿನೊಳಗೆ, ಅಂದರೆ ಜೋಳ ತುಂಬುವ ನೆಲದೊಳಗಿನ ಕಣಜದಲ್ಲಿ, ಖಾಲಾನನ್ನು ಇಳಿಸಿ, ಮೇಲೆ ಸಗಣಿಯ ಕುಳ್ಳು ಒಟ್ಟಿ, ಅದರ ಮೇಲೆ ತಾನೇ ಕೂತು ಕಾಳು ಹಸನು ಮಾಡುತ್ತಿದ್ದಳಂತೆ. ಖಾಲಾ ಆ ಕಥೆಯನ್ನು ದೂರಿನಂತೆಯೇ ಹೇಳಿದಳು. "ಒಳಗ ನಾ ಸಾಯಲಿಕ್ಕತ್ತೀನಿ, ಮ್ಯಾಲ ಈಕಿ ಹಾಡು ಹಾಡ್ತಾಳ."

"ಹಾಡಲಾರದ ಏನ್ ಮಾಡ್ಲಿ?" ಎಂದಳು ಶಾಂತವ್ವ. "ನೀ ಒಳಗ ಕೆಮ್ಮತಿದ್ದೆಲ್ಲ. ಕೇಳಬಾರದಂತ ಹಾಡಿದೆ."

ಎಲ್ಲರೂ ನಕ್ಕರು. ಬಾಗಿಲಿಲ್ಲದ ಮನೆಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ.

"ಒಂದು ಸುದ್ದಿ ಯಾಕ ಕಳಸಲಿಲ್ಲ ಖಾಲಾ?" ಎಂದ ಹಮೀದ ಕೊನೆಗೆ. "ಅಮ್ಮಿ ಹ್ಯಾಂಗಾಗ್ಯಾಳ ಗೊತ್ತದೇನು?"

"ಅದೇ ಗೊತ್ತಿಲ್ಲಲ್ಲ," ಎಂದಳು ಖಾಲಾ. "ಬೀದರದಾಗ ನೀವು ಹ್ಯಾಂಗಿದ್ದೀರೋ, ಇದ್ದೀರೋ ಇಲ್ಲೋ. ಕೇಳ್ಲಿಕ್ಕೇ ಅಂಜಿಕಿ ಬಂತು ನೋಡು. ಹಂಗೇ ಕುಂತೆ."

ಒಂದು ವರ್ಷಕ್ಕೂ ಮೇಲೆ ನದಿಯ ಈ ಕಡೆ ಇವರು ಅಂಜಿಕೊಂಡು ಕೂತಿದ್ದರು, ಆ ಕಡೆ ಅವಳು ಕೂತಿದ್ದಳು. ನಡುವೆ ಇದ್ದದ್ದು ಮೊಣಕಾಲುದ್ದ ನೀರು.

ಔರಾದ? ಎಲ್ಲಿಯ ಔರಾದ. ಮರುದಿನ ಬೆಳಿಗ್ಗೆ ಖಾಲಾ ಮಿಕ್ಕ ಭಜ್ಜಿಯನ್ನು ಕುದಿಸಿ ಗಡಿಗೆಗೆ ತುಂಬಿ, ಹಮೀದನ ಕ್ಯಾರಿಯರ್ ಮೇಲೆ ಏರಿ ಕೂತಳು. ನದಿಯಲ್ಲಿ ಇಳಿದು ದಾಟಿದ್ದು ಬಿಟ್ಟರೆ ಭಾಲ್ಕಿ ಸ್ಟೇಷನ್ನಿನವರೆಗೆ ಅವನು ತುಳಿದ, ಹಿಂದಿನಿಂದ ಅವಳು, "ನಿಧಾನ ರೇ, ಭಜ್ಜಿ ಚೆಲ್ತದ," ಎಂದು ಬೆನ್ನಿಗೆ ಗುದ್ದುತ್ತ ಬಂದಳು. ಅಲ್ಲಿಂದ ರೈಲು. ಸೈಕಲ್ ಸವಾರಿ ಹೊರಟವರು ಸೈಕಲ್ಲುಗಳನ್ನೂ ಹೇರಿಕೊಂಡು ರೈಲಿನಲ್ಲಿ ಬೀದರಿಗೆ ಬಂದಿಳಿದೆವು.

ಚಾಚಿ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತಿದ್ದರು. ರಾತ್ರಿ ನಾವು ಬಾರದ್ದಕ್ಕೆ ನಿದ್ದೆ ಮಾಡಿರಲಿಲ್ಲ. ನಮ್ಮ ನಕ್ಷೆಯನ್ನೂ ಗುಡಿಸಿರಲಿಲ್ಲ. ಅಕ್ಕನನ್ನು ನೋಡಿ ಎದ್ದು ನಿಂತರು. ಖಾಲಾ ನಕ್ಷೆಯ ಮೇಲೆಯೇ ಕಾಲಿಟ್ಟು ಹೋಗಿ ಗಡಿಗೆ ಮುಂದೆ ಹಿಡಿದಳು. "ಮೊದಲ ಇದನ್ನ ತಿನ್ನು, ಹಳಸ್ತದ," ಎಂದಳು. ಚಾಚಿ ನಿಂತಲ್ಲೇ ಗಡಿಗೆಗೆ ಕೈ ಹಾಕಿ, ಅಳುತ್ತಲೇ ಆ ಭಜ್ಜಿ ತಿಂದರು. ನಾನೂ ಹಮೀದನೂ ಸೈಕಲ್ ಒಳಗಿಡುವ ನೆಪ ಮಾಡಿ ಆ ಕಡೆ ತಿರುಗಿದೆವು. ನನ್ನ ಬದುಕಿನಲ್ಲಿ ಅಂಥ ಸಂತೋಷ ಮತ್ತೆ ಬಂದಿಲ್ಲ, ನನ್ನ ಲಗ್ನದ ದಿನವೂ ಬಂದಿಲ್ಲ, ಮನೆಯಲ್ಲಿ ಹೇಳಬೇಡಿ.

ಔರಾದಿನ ಪಾಲು ಹಾಗೆಯೇ ಉಳಿಯಿತು. ಆಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇನೆ, ಅದು ಲೆಕ್ಕಕ್ಕಿಲ್ಲ. ಪ್ರತಿ ಚಳಿಗಾಲ ಹಮೀದ ಒಂದಾದರೂ ಸಲ, "ಔರಾದ ಬಾಕಿ ಅದ ಲೇ," ಎನ್ನುತ್ತಿದ್ದ. ಈ ಚಳಿಗಾಲ ಅನ್ನಲಿಲ್ಲ. ಅನ್ನಲು ನಾನು ಎಲ್ಲಿ ಸಿಕ್ಕಿದ್ದೇನೆ?

"ಕಾಕಾ, ಅಂಗಡಿ ಬಂದ್ ಮಾಡ್ತೀನ್ರಿ, ಊಟಕ್ಕ ಹೋಗಬೇಕು," ಎಂದ ಪಂಕ್ಚರಿನವನು. ಸೈಕಲ್ಲಿನವರು ಯಾವಾಗಲೋ ಹೋಗಿದ್ದರು. ಎದ್ದು ಚೀಲ ತೆಗೆದುಕೊಂಡೆ. ವಾಪಸು ತಿರುಗಿ ಸೀದಾ ದಾರಿ ಹಿಡಿದೆ. ಹಮೀದನ ಓಣಿ ಬರುವವರೆಗೆ ಚುರುಕಾಗಿಯೇ ನಡೆದೆ, ಓಣಿಯೊಳಗೆ ಗೋಡೆಗುಂಟ ನಿಧಾನವಾಗಿ ಹೋದೆ.

ಬಾಗಿಲಿಗೆ ಕೀಲಿ ಹಾಕಿತ್ತು.

ಚೀಲ ಕೆಳಗಿಟ್ಟು ಆ ಕೀಲಿಯನ್ನು ನೋಡಿದೆ. ಬರ್ತೀನಿ ಅನ್ನೋರೇ ಕೀಲಿ ಹಾಕ್ತಾರ ಎಂದು ಅವತ್ತು ಎಷ್ಟು ಜೋರಾಗಿ ಹೇಳಿದ್ದೆ. ಈಗ ಹಮೀದನ ಪ್ರಶ್ನೆಯೇ ನನ್ನ ಬಾಯಿಗೆ ಬಂತು, ಬೇರೆ ಯಾರಾದರೂ ಹಾಕಿದ್ದರೆ? ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಆದರೆ ಬಿಟ್ಟು ಹೋಗಲೂ ಇಲ್ಲ. ಕಟ್ಟೆಯ ಮೇಲೆ ಕೂತುಕೊಂಡೆ, ಬಿಸಿಲು ಕಾಲಿನ ಮೇಲಿಂದ ತೊಡೆಗೆ ಬರುವವರೆಗೆ ಕೂತೆ.

ಓಣಿಯ ತುದಿಯಲ್ಲಿ ಒಂದು ಆಟೋ ಬಂದು ನಿಂತಿತು. ಮೊದಲು ಇಳಿದದ್ದು ಹಮೀದನ ಸೊಸೆ, ಕೈಯಲ್ಲಿ ದವಾಖಾನೆಯ ಚೀಲ. ಆಮೇಲೆ ಒಂದು ಕೋಲು ಇಳಿಯಿತು, ಅದರ ಹಿಂದೆ ಉಣ್ಣೆಯ ಟೊಪ್ಪಿಗೆ, ಅದರ ಕೆಳಗೆ ಸೊರಗಿ ಅರ್ಧವಾದ ಹಮೀದ. ಕೋಲೂರಿ, ಒಂದೊಂದೇ ಹೆಜ್ಜೆ ಇಟ್ಟು, ಕಟ್ಟೆಯ ಮುಂದೆ ಬಂದು ನಿಂತ. ಉಸಿರು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಕ್ಯಾ ರೇ," ಎಂದ, "ಈ ದಾರಿ ಈಗ ನೆಪ್ಪಾತೇನು?"

ನಾನು ಕಾಯಿಪಲ್ಲೆಯ ಚೀಲ ಎತ್ತಿ ತೋರಿಸಿದೆ, ಯಾಕೆ ತೋರಿಸಿದೆನೋ ದೇವರಿಗೇ ಗೊತ್ತು. ಅವನು ಅಂಗಿಯ ಜೇಬಿನಿಂದ ಕೀಲಿಕೈ ತೆಗೆದು ಸೊಸೆಗೆ ಕೊಟ್ಟ. ನನ್ನ ಪಕ್ಕದಲ್ಲಿ ನಿಧಾನವಾಗಿ ಕೂತ.

"ಊಟಾ ಆಗ್ಯಾದ?" ಎಂದ.

ಬೆಳಿಗ್ಗೆ ಮನೆಯಲ್ಲಿ ನಾಲ್ಕು ರೊಟ್ಟಿ ತಿಂದು, ಮೇಲೆ ಮೊಸರನ್ನ ಉಂಡು ಹೊರಬಿದ್ದಿದ್ದೆ.

"ಇಲ್ಲ," ಎಂದೆ. "ಮುಂಜಾನಿಂದ ಏನೂ ತಿಂದಿಲ್ಲ."